ಥೆಫ್ಟ್, ರಾಬರಿ, ಡಕಾಯಿಟಿ: ಸಮೀಪಾರ್ಥಕ ಪದಗಳ ವಿವೇಚನೆ

ಆಂಗ್ಲಭಾಷೆಯ ಸಮೀಪಾರ್ಥಕ ಪದಗಳಲ್ಲಿ ಪರೀಕ್ಷಾರ್ಥಿಯನ್ನು ಮೇಲಿಂದ ಮೇಲೆ ಭ್ರಮೆಗೀಡುಮಾಡುವವು ಪರಸ್ವಾಪಹರಣವನ್ನು ಸೂಚಿಸುವ ಥೆಫ್ಟ್, ಎಕ್ಸ್‌ಟಾರ್ಷನ್, ರಾಬರಿ, ಡಕಾಯಿಟಿ ಎಂಬ ನಾಲ್ಕು. ಸಮ್ಮತಿಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ, ಪರರ ವಶದಲ್ಲಿರುವ ಚರಸ್ವತ್ತನ್ನು ಸರಿಸುವುದು ಥೆಫ್ಟ್. ಸಂತೆಯ ಗದ್ದಲದಲ್ಲಿ ಜೇಬಿನಿಂದ ಪರ್ಸು ಎಗರಿಸಿದವನು ಅಷ್ಟನ್ನೇ ಎಸಗಿದವನಾದರೂ, ಅದನ್ನು ಒಯ್ಯುವ ಸಲುವಾಗಿ ಒಡೆಯನಿಗೆ ಚೂರಿ ತೋರಿದನೆಂದರೆ ಅದೇ ಕೃತ್ಯವು ರಾಬರಿಯಾಗಿ ಪರಿಣಮಿಸುವುದು. ಐವರು ಅಥವಾ ಹೆಚ್ಚು ಜನ ಕೂಡಿ ರಾಬರಿಗೈದರೆ ಅದು ಡಕಾಯಿಟಿ. ಭಯವೊಡ್ಡಿ ಒಡೆಯನ ಕೈಯಿಂದಲೇ ಸ್ವತ್ತನ್ನು ಕೊಡಿಸಿಕೊಳ್ಳುವುದು ಎಕ್ಸ್‌ಟಾರ್ಷನ್. ಡಕಾಯಿಟಿಯಂತೂ ಹಿಂದೂಸ್ತಾನಿಯಿಂದಲೇ ಆಂಗ್ಲಕ್ಕೆ ಹೋದ ಪದ. ಕೊಟ್ಟ ಸಾಲ ಪ್ರಶ್ನೆಪತ್ರಿಕೆಯಾಗಿ ಮರಳಿತು! 1860ರ ಭಾರತ ದಂಡ ಸಂಹಿತೆಯಲ್ಲಿ ಈ ನಾಲ್ಕರ ಕಲಂಗಳು, ಮೊದಲ ವಾಕ್ಯದಲ್ಲಿ ಹೆಸರಿಸಿದ ಕ್ರಮದಲ್ಲಿ, 378, 383, 390, 391. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 303, 308, 309, 310.