ಸಂಚಾರಿಗೆ ರೇಡಿಯೋ ಡಂಗುರ

ಹಿಂದೆ ನಮ್ಮ ಹಳ್ಳಿಗಳಲ್ಲಿ ಜಾತ್ರೆ, ಪಂಚಾಯಿತಿ ಸಭೆ ಮೊದಲಾದುವನ್ನು ಡಂಗುರ ಸಾರಿ ತಿಳಿಸುತ್ತಿದ್ದರು. ಸಾರುವವನು ತನ್ನ ಊರಿನ ಬೀದಿಗಳನ್ನು ದಾಟಿ ಹೋಗುತ್ತಿರಲಿಲ್ಲ. ಸಾರುವ ವಿಷಯವೂ ಎರಡು ಮಾತಿನಲ್ಲಿ ಮುಗಿಯುತ್ತಿದ್ದಿತು. ಆ ದಿನ ಊರಿಗೆ ಬಂದ ಪರಸ್ಥಳದವನಿಗೂ ಅದು ಕೇಳುತ್ತಿದ್ದಿತು. ಇಂತಹ ಡಂಗುರವನ್ನು ರೇಡಿಯೋ ಯಂತ್ರವೇ ತಾನಾಗಿ ಸಾರುವಂತೆ ಮಾಡಬಹುದೆ? ಈ ಪ್ರಶ್ನೆಯನ್ನು ಅಮೆರಿಕದ ಹವ್ಯಾಸಿ ರೇಡಿಯೋಗಾರರು ಹೇಗೆ ಬಿಡಿಸಿದರೆಂಬುದನ್ನು ಈಗ ವಿಚಾರಿಸೋಣ.

ಹಣದ ಲಾಭವನ್ನು ಬಯಸದೆ, ಸರ್ಕಾರದ ಲೈಸೆನ್ಸನ್ನು ಪಡೆದು, ತಮ್ಮ ಸ್ವಂತ ಯಂತ್ರಗಳ ಮೂಲಕ ಪರಸ್ಪರ ಸಂಭಾಷಿಸುವವರೇ ಹವ್ಯಾಸಿ ರೇಡಿಯೋಗಾರರು. ‘ಹ್ಯಾಮ್’ ಎಂಬುದು ಇವರ ರೂಢಿಯ ಹೆಸರು. ಒಂದು ಪ್ರದೇಶದ ಹ್ಯಾಮ್‌ಗಳು ಗೊತ್ತಾದ ಆವರ್ತಾಂಕದಲ್ಲಿ ಕೂಡಿ, ಒಬ್ಬ ನಾಯಕನ ಅಪ್ಪಣೆಯಂತೆ ಸರದಿಯ ಮೇಲೆ ಮಾತನಾಡುವುದಕ್ಕೆ ‘ನೆಟ್’ ಎಂದು ಹೆಸರು. ಕೆಲವು ನೆಟ್‌ಗಳು ವಾರಕ್ಕೊಮ್ಮೆ ನಡೆಯುವ ಸ್ನೇಹಕೂಟಗಳು. ಇನ್ನು ಕೆಲವು ಆಪತ್ಕಾಲದವು. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯು ‘ಸ್ಕೈವಾರ್ನ್’ ಎಂಬ ಯೋಜನೆಯ ಮೂಲಕ ಬಿರುಗಾಳಿಯನ್ನು ಕಣ್ಣಾರೆ ಕಂಡು ವರದಿ ಮಾಡುವ ಸ್ವಯಂಸೇವಕರನ್ನು ತಯಾರು ಮಾಡುತ್ತದೆ. ಅವರಲ್ಲಿ ಹ್ಯಾಮ್‌ಗಳು ಅನೇಕರು. ಆಕಾಶ ಕಪ್ಪಾದೊಡನೆ ಅವರ ನೆಟ್ ಆರಂಭವಾಗುತ್ತದೆ. ಅದಕ್ಕೆ ಮುಂಚಿತವಾಗಿ ಗೊತ್ತುಮಾಡಿದ ವೇಳೆಯಿಲ್ಲ.

ಸ್ಥಳೀಯರಿಗೆ ನೆಟ್‌ನ ಆವರ್ತಾಂಕ ಬಾಯಿಪಾಠವಾಗಿರುತ್ತದೆ. ಆದರೆ ಅದೇ ರಸ್ತೆಯಲ್ಲಿ ಕಾರು ನಡೆಸುತ್ತಿರುವ ಪರಸ್ಥಳದ ಹ್ಯಾಮ್‌ನ ಗತಿಯೇನು? ಮುಂದಿನ ತಿರುವಿನಲ್ಲಿ ಸುಂಟರಗಾಳಿ ಕಾದಿರಬಹುದು. ಅದನ್ನು ತಿಳಿಸಬಲ್ಲ ಹತ್ತು ಮಂದಿ ಆ ಕ್ಷಣದಲ್ಲಿಯೇ ಮಾತನಾಡುತ್ತಿರಬಹುದು. ಅವನ ಕೈಯಲ್ಲಿ ರೇಡಿಯೋವೂ ಇದೆ. ಆದರೂ ಅವನು ಕಿವುಡನೇ ಸರಿ.

ಇದಕ್ಕೆ ಕಾರಣ ಸುಲಭವಾಗಿ ತಿಳಿಯುತ್ತದೆ. ಸಂಚಾರಿ ಹ್ಯಾಮ್‌ಗಳು ಹೆಚ್ಚಾಗಿ ಬಳಸುವುದು ಸುಮಾರು 2 ಮೀಟರ್ ಉದ್ದದ ತರಂಗಗಳನ್ನು. ಇವು ಸಾಧಾರಣವಾಗಿ ದಿಗಂತವನ್ನು ಮೀರಿ ಬಹಳ ದೂರ ಹೋಗಲಾರವು. ಆದುದರಿಂದ ಎತ್ತರವಾದ ಸ್ಥಳಗಳಲ್ಲಿ ‘ರಿಪೀಟರ್’ ಎಂಬ ಮರುಪ್ರಸಾರ ಯಂತ್ರಗಳನ್ನು ಸ್ಥಾಪಿಸಿರುತ್ತಾರೆ. ಎತ್ತರವನ್ನು ಮೀಟರುಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ರೇಡಿಯೋ ದಿಗಂತದ ದೂರವು ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ಸುತ್ತಲಿನ ಬಯಲಿನಿಂದ 400 ಮೀಟರ್ ಎತ್ತರದ ಬೆಟ್ಟಕ್ಕೆ ಇದು 82 ಕಿಲೋಮೀಟರ್. ಗಂಟೆಗೆ 80 ಕಿಲೋಮೀಟರ್ ವೇಗದಿಂದ ಈ ವೃತ್ತದ ನಡುವೆ ಹಾದುಹೋಗುವ ಕಾರು ಎರಡು ಗಂಟೆಗಳಲ್ಲಿ ಅದನ್ನು ದಾಟಿಬಿಡುತ್ತದೆ. ಅನಂತರ ಬೇರೆ ರಿಪೀಟರ್, ಬೇರೆ ಆವರ್ತಾಂಕ. ಅಮೆರಿಕದಲ್ಲಿ ಈ ಪಟ್ಟಿಯು 144ರಿಂದ 148 ಮೆಗಾಹರ್ಟ್ಸ್‌ವರೆಗೆ ಹರಡಿದೆ. 20 ಕಿಲೋಹರ್ಟ್ಸ್‌ಗೆ ಒಂದರಂತೆ ಎಣಿಸಿದರೂ 200 ಸ್ಥಾನಗಳಾದುವು. ಸಾಲದುದಕ್ಕೆ, ಅನೇಕ ರಿಪೀಟರುಗಳು ಗೊತ್ತಾದ ಒಂದು ಮಂದ್ರ ಸ್ವರವು ಧ್ವನಿಯೊಡನೆ ಬೆರೆತು ಬಂದಲ್ಲದೆ ಬಾಗಿಲು ತೆರೆಯುವುದಿಲ್ಲ.

ಈ ತೊಡಕನ್ನು ಬಿಡಿಸುವ ಸಾಧನವನ್ನು ಒದಗಿಸಿದವರು ಅನಾಪೊಲಿಸ್‌ನಲ್ಲಿರುವ ಅಮೆರಿಕದ ನೌಕಾ ಅಕಾಡೆಮಿಯಲ್ಲಿ ಕೆಲಸ ಮಾಡುತ್ತಿದ್ದ ಬಾಬ್ ಬ್ರುನಿಂಗಾ ಅವರು. 1980ರ ದಶಕದಿಂದ ಪ್ರಯೋಗಗಳನ್ನು ನಡೆಸಿ, 1992ರಲ್ಲಿ ಅವರು ‘ಎಪಿಆರ್‌ಎಸ್’ ಎಂಬ ಪದ್ಧತಿಯನ್ನು ಹ್ಯಾಮ್‌ಗಳ ಮುಂದಿಟ್ಟರು. ಇದರಲ್ಲಿ ಅಕ್ಷರಗಳು 1200 ಮತ್ತು 2200 ಹರ್ಟ್ಸ್‌ಗಳ ಎರಡು ಸ್ವರಗಳ ರೂಪವನ್ನು ತಾಳಿ, ಸೆಕೆಂಡಿಗೆ 1200 ಬಿಟ್‌ಗಳಂತೆ ಸಾಗುತ್ತವೆ. ಉತ್ತರ ಅಮೆರಿಕದಲ್ಲೆಲ್ಲ ಇದಕ್ಕೆ 144.390 ಮೆಗಾಹರ್ಟ್ಸ್ ಎಂಬ ಒಂದೇ ಆವರ್ತಾಂಕ. 2022ರಲ್ಲಿ ನಿಧನರಾದ ಬ್ರುನಿಂಗಾ ಅವರು ಇದು ಕೇವಲ ಕಾರುಗಳ ಸ್ಥಾನವನ್ನು ನಕ್ಷೆಯಲ್ಲಿ ತೋರಿಸುವ ಆಟವಲ್ಲವೆಂದು ಮತ್ತೆ ಮತ್ತೆ ಹೇಳುತ್ತಿದ್ದರು. ಸುತ್ತಮುತ್ತ ಈಗ ಏನು ನಡೆಯುತ್ತಿದೆ ಎಂಬುದನ್ನು ಸಂಚಾರಿಗೆ ತಿಳಿಸುವುದೇ ಇದರ ಗುರಿ ಎಂಬುದು ಅವರ ಮತ.

ಡಂಗುರದ ಕ್ರಮ ಹೀಗಿದೆ. ರಿಪೀಟರ್ ಇರುವ ಪ್ರದೇಶದ ಎಪಿಆರ್‌ಎಸ್ ಕೇಂದ್ರವೊಂದು ಸುಮಾರು 10 ನಿಮಿಷಗಳಿಗೊಮ್ಮೆ ಒಂದು ಚಿಕ್ಕ ಸಂದೇಶವನ್ನು ಹೊರಡಿಸುತ್ತದೆ. ಅದರಲ್ಲಿ ರಿಪೀಟರಿನ ಸ್ಥಾನ, ಆವರ್ತಾಂಕ, ಬೇಕಾದ ಸ್ವರ, ನೆಟ್ ಕೂಡುವ ವಾರ ಮತ್ತು ವೇಳೆ ಅಡಗಿರುತ್ತವೆ. ಸಂದೇಶದ ಹೆಸರಿಗೆ ಒಂಬತ್ತು ಅಕ್ಷರಗಳಷ್ಟೇ ಸ್ಥಳವಿರುವುದರಿಂದ ಆವರ್ತಾಂಕವನ್ನೇ ಹೆಸರಾಗಿ ಇಡುತ್ತಾರೆ; ಕಾರಿನ ಯಂತ್ರದ ಪುಟ್ಟ ಪರದೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದೇ. ಕೆನ್‌ವುಡ್ ಕಂಪನಿಯ ಕೆಲವು ಸಂಚಾರಿ ಯಂತ್ರಗಳಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಸಾಕು, ರೇಡಿಯೋ ತಾನಾಗಿ ಆ ಆವರ್ತಾಂಕಕ್ಕೆ ಹೊಂದಿಕೊಳ್ಳುತ್ತದೆ. ನೆಟ್ ನಡೆಯುವ ಹೊತ್ತಿಗಾಗಿಯೇ ಪ್ರತ್ಯೇಕ ಸಂದೇಶವನ್ನು ಹೊರಡಿಸಿ, ಮುಗಿದೊಡನೆ ಅದನ್ನು ಅಳಿಸುವ ಗುರುತನ್ನು ಕಳುಹಿಸುವುದೂ ಸಾಧ್ಯ.

ಹಾಗಾದರೆ ಈ ಸಂದೇಶವನ್ನು ದೇಶಕ್ಕೆಲ್ಲ ಸಾರಬಾರದೇಕೆ? ಲೆಕ್ಕ ಹಾಕಿ ನೋಡೋಣ. 75 ಅಕ್ಷರಗಳ ಸಂದೇಶವೆಂದರೆ 600 ಬಿಟ್‌ಗಳು. ಅದು ಸಾಗಲು ಅರ್ಧ ಸೆಕೆಂಡ್ ಬೇಕು. ಪ್ರೇಷಕವು ಸಿದ್ಧವಾಗಲು ಹಿಡಿಯುವ ಕಾಲವೂ ಸೇರಿದರೆ ಸುಮಾರು 0.8 ಸೆಕೆಂಡ್ ಎನ್ನಬಹುದು. ಒಂದೇ ಮಾರ್ಗದಲ್ಲಿ ಅನೇಕರು ತಮಗೆ ತೋಚಿದಾಗ ಪ್ರಸಾರ ಮಾಡಿದರೆ, ಸಂದೇಶಗಳ ಡಿಕ್ಕಿಯ ದೆಸೆಯಿಂದ ಒಟ್ಟು ಕಾಲದ ಶೇಕಡಾ 18ರಷ್ಟು ಮಾತ್ರ ಸಾರ್ಥಕವಾಗಬಲ್ಲದೆಂದು ಹವಾಯಿ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್‌ಸನ್ 1970ರಲ್ಲಿ ತೋರಿಸಿದರು. ಹ್ಯಾಮ್‌ಗಳ ಯಂತ್ರಗಳು ಮೊದಲು ಆಲಿಸಿ ಬಳಿಕ ಪ್ರಸಾರ ಮಾಡುತ್ತವೆ, ನಿಜ. ಆದರೆ ಬೆಟ್ಟದ ಎರಡು ಮಗ್ಗುಲುಗಳಲ್ಲಿರುವ ಕಾರುಗಳು ಒಂದರ ದನಿಯನ್ನೊಂದು ಕೇಳಲಾರವು. ಶಿಖರದ ಯಂತ್ರಕ್ಕೆ ಮಾತ್ರ ಎರಡೂ ಒಟ್ಟಿಗೆ ತಲಪಿ ಕಲಸಿಹೋಗುತ್ತವೆ. 10 ನಿಮಿಷಗಳಲ್ಲಿ 600 ಸೆಕೆಂಡುಗಳು. ಅದರ ಶೇಕಡಾ 18 ಎಂದರೆ 108 ಸೆಕೆಂಡುಗಳು. ಅಷ್ಟರಲ್ಲಿ ಹಿಡಿಯುವುದು 135 ಸಂದೇಶಗಳು. ಎಲ್ಲ ಕಾರುಗಳೂ ಹವಾಮಾನ ಯಂತ್ರಗಳೂ ಈ ಪಾಲಿನಲ್ಲಿಯೇ ಹಂಚಿಕೊಳ್ಳಬೇಕು. ಹತ್ತು ಪ್ರದೇಶಗಳ ಡಂಗುರಗಳು ಹತ್ತೂ ಕಡೆ ಮೊಳಗಿದರೆ ಹೊರೆಯು ಹತ್ತುಪಟ್ಟಾಗುತ್ತದೆ. ಆದುದರಿಂದ ಸಂದೇಶವನ್ನು ಬೇರೆ ಕೇಂದ್ರಗಳು ಮುಂದಕ್ಕೆ ದಾಟಿಸದಂತೆ, ಉಪಯೋಗವಿರುವ ಸೀಮೆಗೆ ಮಾತ್ರ ಮುಟ್ಟುವಂತೆ ಕಳುಹಿಸುವುದೇ ನಿಯಮ.

ಕಾರು ನಡೆಸುವವನ ಕಣ್ಣು ರಸ್ತೆಯ ಮೇಲಿರಬೇಕಷ್ಟೆ. ಕಿವಿಯ ಮೂಲಕ ಎಚ್ಚರಿಸಲು ಬ್ರುನಿಂಗಾ ಅವರು ಮತ್ತೊಂದು ಉಪಾಯವನ್ನು ಸೂಚಿಸಿದರು. ಸಂಚಾರಿಯು ತನ್ನ ಗ್ರಾಹಕವನ್ನು 100 ಹರ್ಟ್ಸ್‌ನ ಸ್ವರ ಬಂದರೆ ಮಾತ್ರ ದನಿ ಹೊರಡುವಂತೆ ಅಣಿಮಾಡಿರುತ್ತಾನೆ. ಸಾಧಾರಣ ಸಂದೇಶಗಳ ಕರ್ಕಶ ಸದ್ದು ಅವನಿಗೆ ಕೇಳಿಸುವುದಿಲ್ಲ. ಅವನ ಗುರುತನ್ನು ನಕ್ಷೆಯಲ್ಲಿ ಕಂಡ ಸಮೀಪದ ಹ್ಯಾಮ್, ಆ ಸ್ವರವನ್ನು ಬೆರೆಸಿ, ‘ಇಂತಹ ಆವರ್ತಾಂಕಕ್ಕೆ ಬನ್ನಿ, ನೆಟ್ ನಡೆಯುತ್ತಿದೆ’ ಎಂದರೆ ತಕ್ಷಣ ಕೇಳುತ್ತದೆ. ಕರೆದವನೂ ಓಗೊಟ್ಟವನೂ ಆ ಮಾರ್ಗವನ್ನು ಬಿಟ್ಟು ಬೇರೆಡೆಗೆ ಸರಿದು ಮಾತನಾಡುತ್ತಾರೆ.

ಇಷ್ಟಾದರೂ ಯಂತ್ರಕ್ಕೆ ಸ್ವಂತ ವಿವೇಕವಿಲ್ಲ. ನೆಟ್‌ನ ವೇಳೆ ಬದಲಾದರೂ ಸಂದೇಶವನ್ನು ತಿದ್ದದೆ ಬಿಟ್ಟರೆ ಯಂತ್ರವು ಹಳೆಯ ಪಂಚಾಂಗವನ್ನೇ ಓದುತ್ತಿರುತ್ತದೆ. ಎರಡು ಬಾರಿ ಮೋಸಹೋದ ಸಂಚಾರಿಯು ಮೂರನೆಯ ಬಾರಿ ಗುಂಡಿಯನ್ನು ಒತ್ತುವುದಿಲ್ಲ. ನಿಜವಾದ ಬಿರುಗಾಳಿ ಬರುವುದು ಆ ಮೂರನೆಯ ಬಾರಿಯೇ ಆಗಬಹುದು. ಸಾರುವುದನ್ನು ಯಂತ್ರಕ್ಕೆ ಒಪ್ಪಿಸಬಹುದು. ಸಾರಿದ ಮಾತು ಸತ್ಯವಾಗಿರುವಂತೆ ನೋಡಿಕೊಳ್ಳುವ ಹೊಣೆ ಮಾತ್ರ ಮನುಷ್ಯನದೇ.