ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ದೂರದ ಪಯಣಕ್ಕೆ ಆರು ಸೂತ್ರಗಳು

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಆಕಾಶಮಾರ್ಗದಲ್ಲಿ ಸುಮಾರು 14,000 ಕಿಲೋಮೀಟರ್. ಮಗಳ ಬಾಣಂತನಕ್ಕೆ ಹೊರಟ ಅಮ್ಮನಿಗೂ ಕೆಲಸಕ್ಕೆ ಹೊರಟ ಟೆಕ್ಕಿಗೂ ಈ ಅಂಕಿಗಿಂತ ಗಡಿಯಾರದ ಲೆಕ್ಕ ಮುಖ್ಯ.

1. ಕಿಲೋಮೀಟರ್ ನೋಡಿ ಗಂಟೆ ಅಳೆಯಬೇಡಿ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ದಾರಿ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿತು. ದೂರ ಸಾವಿರಕ್ಕೂ ಹೆಚ್ಚು ಕಿ.ಮೀ. ಬೆಳೆದು 15,300 ಮುಟ್ಟಿತು. ಆದರೂ ವಿಮಾನ ಹದಿನಾಲ್ಕೂವರೆ ಗಂಟೆಯಲ್ಲೇ ತಲುಪಿತು, ಮೊದಲಿಗಿಂತ ಸುಮಾರು ಎರಡು ಗಂಟೆ ಬೇಗ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಬೀಸುವ ಜೆಟ್ ಸ್ಟ್ರೀಮ್ ಹಿಂದಿನಿಂದ ತಳ್ಳುತ್ತಿತ್ತು.

2. ಗೋಡೆಯ ನಕಾಶೆ ಬಿಡಿ, ಗೋಳ ನೋಡಿ. ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೋ ಎರಡೂ ಭೂಮಿಯ ಹೆಚ್ಚುಕಡಿಮೆ ಆಚೆ-ಈಚೆ ಬದಿಗಿವೆ. ಗೋಳದ ಮೇಲೆ ಎರಡರ ನಡುವೆ ದಾರ ಬಿಗಿದರೆ ಅದು ಉತ್ತರ ಧ್ರುವದ ಹತ್ತಿರ ಹಾಯುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳೆಯರೇ ಇದ್ದ ಕಾಕ್‌ಪಿಟ್ ತಂಡ ಈ ಧ್ರುವದ ದಾರಿಯಲ್ಲೇ ಬೆಂಗಳೂರಿಗೆ ಬಂದಿಳಿಯಿತು. ಹೆಮ್ಮೆಪಡಬೇಕಾದ ಹಾರಾಟ ಅದು.

3. ತಾರೀಕನ್ನು ಎರಡೆರಡು ಸಲ ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಚಳಿಗಾಲದಲ್ಲಿ ಇಲ್ಲಿಂದ ಮಧ್ಯಾಹ್ನ 2ಕ್ಕೆ ಹೊರಟು ಹದಿನಾರು ಗಂಟೆ ಹಾರಿದರೆ, ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆ. ಬರುವಾಗ ಲೆಕ್ಕ ತಿರುಗುಮುರುಗು: ಆ 2021ರ ವಿಮಾನ 9ರ ರಾತ್ರಿ ಹೊರಟು ಇಲ್ಲಿ ಇಳಿದದ್ದು 11ರ ನಸುಕಿಗೆ, ಹಾರಿದ್ದು ಸುಮಾರು 17 ಗಂಟೆಯಷ್ಟೇ. ಕ್ಯಾಬ್, ರಜೆ, ಮದುವೆ ಮುಹೂರ್ತ ಯಾವುದನ್ನೇ ಗೊತ್ತುಮಾಡುವ ಮುನ್ನ ಇದನ್ನು ಕೂಡಿ ಕಳೆದು ನೋಡಿ.

4. ನಡುವೆ ವಿಮಾನ ಬದಲಿಸುವುದಿದ್ದರೆ ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿರಲಿ. ಬೇರೆ ಬೇರೆ ಕೊಂಡರೆ, ಮೊದಲನೆಯದು ತಡವಾದಾಗ ಎರಡನೆಯದರ ನಷ್ಟ ನಿಮ್ಮ ತಲೆಗೇ ಬರಬಹುದು.

5. ಹೊರಡುವ ಹಿಂದಿನ ದಿನ ವೇಳೆಯನ್ನು ಮತ್ತೆ ಪರೀಕ್ಷಿಸಿ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ, ಉತ್ತರ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ಇಂಧನಕ್ಕಾಗಿ ಯುರೋಪಿನಲ್ಲಿ ಇಳಿಯಬೇಕಾಯಿತು.

6. ಗಂಟೆ ಎರಡು ಗಂಟೆಗೊಮ್ಮೆ ಎದ್ದು ಓಡಾಡಿ, ನೀರು ಕುಡಿಯಿರಿ. ಬಹಳ ಹೊತ್ತು ಕಾಲು ಮಡಿಚಿ ಕೂತರೆ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಕೈಚೀಲದಲ್ಲೇ ಇರಲಿ. ಯಾವ ಹೊತ್ತಿಗೆ ನುಂಗಬೇಕೆಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಅಪ್ಪ-ಅಮ್ಮನನ್ನು ಕಳಿಸುತ್ತಿದ್ದೀರಾ? ಇಳಿಯುವ ಹೊತ್ತನ್ನು ಎರಡೂ ಊರಿನ ಗಡಿಯಾರದಲ್ಲಿ, ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದ ಚೀಟಿಯನ್ನು ಪಾಸ್‌ಪೋರ್ಟ್ ಜೊತೆ ಇಟ್ಟುಕೊಡಿ.