ರೂಟರ್ ರೀಸೆಟ್ ಆಗಿದೆ, ನೆಟ್ ಮತ್ತೆ ಬರುತ್ತದೆಯೇ?

ಪ್ರಶ್ನೆ: ನೆಟ್ ನಿಧಾನವೆಂದು ಮೊಮ್ಮಗ ರೂಟರಿನ ಸಣ್ಣ ತೂತಿಗೆ ಪಿನ್ನು ಹಾಕಿ ಒತ್ತಿ ಹಿಡಿದ. ಈಗ ನಮ್ಮ ವೈಫೈ ಹೆಸರೇ ಕಾಣುತ್ತಿಲ್ಲ. ಪೆಟ್ಟಿಗೆ ಸುಟ್ಟುಹೋಯಿತೇ? ಹೊಸದು ಕೊಳ್ಳಬೇಕೇ?
– ಓದುಗರು, ಕೋಸಗಿ

ಉತ್ತರ: ಗುಂಡಿ ಒತ್ತಿದೊಡನೆ ನೆಟ್ ಹೋದರೆ ಪೆಟ್ಟಿಗೆಯೇ ಕೆಟ್ಟಿತೆಂದು ಯಾರಿಗಾದರೂ ಅನಿಸುತ್ತದೆ. ದೀಪಗಳು ಉರಿಯುತ್ತಿವೆ ತಾನೇ? ಹಾಗಿದ್ದರೆ ಅದು ಸುಟ್ಟಿಲ್ಲ, ಹೊಸದು ಬೇಡ. ಮೊಮ್ಮಗನನ್ನು ಬಯ್ಯಲೂಬೇಡಿ. ಆ ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿದರೆ ರೂಟರ್ ರೀಸೆಟ್ (ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಮರಳುವುದು) ಆಗುತ್ತದೆ. ನೀವು ತುಂಬಿಸಿದ್ದೆಲ್ಲ ಅಳಿದಿದೆ, ಅಷ್ಟೇ.

ರೂಟರ್ ತಿರುವಿ ತಳದ ಚೀಟಿ ನೋಡಿ. ಅಲ್ಲಿ ಅಚ್ಚಾದ ವೈಫೈ ಹೆಸರು ಈಗ ಫೋನಿನಲ್ಲಿ ಕಾಣುತ್ತದೆ. ಅದರ ಪಕ್ಕದ ಪಾಸ್‌ವರ್ಡ್ ಹಾಕಿ. ‘ಇಂಟರ್‌ನೆಟ್ ಇಲ್ಲ’ ಎಂದು ಫೋನ್ ಹೇಳಿದರೆ ಹೆದರಬೇಡಿ. ಮೊಬೈಲ್ ಡೇಟಾ ಆಫ್ ಮಾಡಿ, ಬ್ರೌಸರಿನಲ್ಲಿ ಚೀಟಿಯಲ್ಲಿರುವ ವಿಳಾಸ (ಸಾಮಾನ್ಯವಾಗಿ 192.168.1.1) ಹಾಕಿದರೆ ರೂಟರಿನ ಪುಟ ತೆರೆಯುತ್ತದೆ.

ಬಹಳ ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ನೆಟ್ ಬರಲು ಆ ಪುಟದಲ್ಲಿ ತುಂಬಲು ಪಿಪಿಪಿಒಇ ಹೆಸರು, ಪಾಸ್‌ವರ್ಡ್ (ನೀವು ಅವರ ಗ್ರಾಹಕರೆಂದು ಕಂಪನಿಗೆ ತಿಳಿಸುವ ಗುರುತು) ಬೇಕಾಗಬಹುದು. ವೈಫೈ ಪಾಸ್‌ವರ್ಡೇ ಬೇರೆ, ಇದೇ ಬೇರೆ. ಎಪಿ ಫೈಬರ್‌ನೆಟ್ ಆದರೆ ಊರಿನ ಕೇಬಲ್‌ನವರನ್ನು, ಬಿಎಸ್‌ಎನ್‌ಎಲ್ ಆದರೆ ಸಂಪರ್ಕ ಹಾಕಿಕೊಟ್ಟವರನ್ನು ಕೇಳಿ. ವಿಲ್ಯಾನ್ ಸಂಖ್ಯೆ (ನಿಮ್ಮ ನೆಟ್ ಯಾವ ದಾರಿಯಲ್ಲಿ ಬರಬೇಕೆಂಬ ಗುರುತು) ಇದ್ದರೆ ಅದನ್ನೂ ಬರೆಸಿಕೊಳ್ಳಿ. ಕೆಲವು ಕಂಪನಿಯವರು ಕಚೇರಿಯಿಂದಲೇ ಇವನ್ನು ತುಂಬಿಕೊಡುತ್ತಾರೆ.

ಕೊನೆಗೆ ಅದೇ ಪುಟದಲ್ಲಿ ವೈಫೈಗೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಒಂದಕ್ಷರವೂ ತಪ್ಪದಂತೆ ಇಡಿ. ಮನೆಯ ಫೋನು, ಟಿವಿ ತಾವಾಗಿಯೇ ಸೇರಿಕೊಳ್ಳುತ್ತವೆ. ಇನ್ನು ಮುಂದೆ ನೆಟ್ ನಿಧಾನವಾದರೆ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಲು ಹುಡುಗನಿಗೆ ಹೇಳಿಕೊಡಿ. ಅದರಿಂದ ಏನೂ ಅಳಿಯುವುದಿಲ್ಲ.

ಪ್ರಶ್ನೆ: ಗಾಳಿಮಳೆಯ ನಂತರ ರೂಟರಿನಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಮಿಣುಕುತ್ತಿದೆ. ರೀಸೆಟ್ ಮಾಡೆನ್ನುತ್ತಾರೆ. ಫೋನಿನಲ್ಲಿರುವ ನನ್ನ ಹತ್ತಿ ವ್ಯಾಪಾರದ ಲೆಕ್ಕ ಹೋಗುತ್ತದೆಂದು ಭಯ.
– ಓದುಗರು, ಆದೋನಿ

ಉತ್ತರ: ದುಡ್ಡಿನ ಲೆಕ್ಕವೆಂದ ಮೇಲೆ ಭಯ ಇರುವುದೇ. ಆದರೆ ರೂಟರ್ ರೀಸೆಟ್ ಮಾಡಿದರೂ ಫೋನಿನಲ್ಲಿರುವುದು ಫೋನಿನಲ್ಲೇ ಇರುತ್ತದೆ.

ಆದರೂ ರೀಸೆಟ್ ಬೇಡ. ಎಲ್‌ಒಎಸ್ ಕೆಂಪಾದರೆ ಫೈಬರ್ (ಬೆಳಕಿನಲ್ಲಿ ನೆಟ್ ತರುವ ಗಾಜಿನ ಎಳೆ) ಮೂಲಕ ಬರುವ ಬೆಳಕು ಪೆಟ್ಟಿಗೆಗೆ ಮುಟ್ಟುತ್ತಿಲ್ಲ ಎಂದರ್ಥ. ತಂತಿ ಎಲ್ಲೋ ತುಂಡಾಗಿರಬಹುದು, ಇಲ್ಲವೇ ಮಡಚಿರಬಹುದು. ಮೇಜಿನ ಹಿಂದೆ ಸಿಕ್ಕಿ ಬಾಗಿದ್ದರೆ ಮೆಲ್ಲಗೆ ಸಡಿಲಿಸಿ. ತುದಿ ಕಳಚಿ ಬಂದರೆ ಅದರೊಳಗೆ ಇಣುಕಬೇಡಿ, ಅದರ ಬೆಳಕು ಕಾಣದಿದ್ದರೂ ಕಣ್ಣಿಗೆ ಅಪಾಯ. ಆಮೇಲೂ ದೀಪ ಕೆಂಪಾಗಿಯೇ ಇದ್ದರೆ ಕೇಬಲ್‌ನವರಿಗೆ ‘ಎಲ್‌ಒಎಸ್ ಕೆಂಪು’ ಎಂದೇ ಹೇಳಿ, ತಂತಿ ಜೋಡಿಸುವ ಸಾಮಾನು ತಂದೇ ಬರುತ್ತಾರೆ.